ವೀಸಾಕ್ಕೆ ಸಕ್ಕರೆ ಕಾಯಿಲೆ ಅಡ್ಡಿಯೇ? ವೈದ್ಯಕೀಯ ತಪಾಸಣೆಯ ಒಳಹೊರಗು

ಎನ್. ಬೇಗೂರು (ಮೈಸೂರು ಜಿಲ್ಲೆ): ಪಾಸ್‌ಪೋರ್ಟ್ ಕೈಸೇರಿದೆ. ಉದ್ಯೋಗದ ಪತ್ರವೂ ಬಂದಿದೆ. ಏಜೆಂಟರಿಗೆ ಮುಂಗಡವನ್ನೂ ನೀಡಲಾಗಿದೆ. ಉಳಿದಿರುವುದು ವೈದ್ಯಕೀಯ ತಪಾಸಣೆ ಮಾತ್ರ. ವಿದೇಶದ ಕನಸು ಹೊತ್ತ ಅನೇಕ ಕುಟುಂಬಗಳ ಲೆಕ್ಕಾಚಾರ ತಲೆಕೆಳಗಾಗುವುದು ಈ ಹಂತದಲ್ಲಿಯೇ. ಮನೆಯ ಹಿರಿಮಗನಿಗೆ ಸಕ್ಕರೆ ಕಾಯಿಲೆ, ಸೊಸೆಗೆ ರಕ್ತದೊತ್ತಡ, ಹಿಂದೊಮ್ಮೆ ವಾಸಿಯಾದ ಕ್ಷಯ. ಇವುಗಳಲ್ಲಿ ಯಾವುದು ವೀಸಾಕ್ಕೆ ಅಡ್ಡಿ, ಯಾವುದು ಅಲ್ಲ ಎಂಬ ಸ್ಪಷ್ಟ ತಿಳಿವಳಿಕೆ ಇಲ್ಲದೆ ಜನ ಹಣವನ್ನೂ ಆರೋಗ್ಯವನ್ನೂ ಕಳೆದುಕೊಳ್ಳುತ್ತಿದ್ದಾರೆ.

ತಂಬಾಕು ಬೆಳೆಯುವ ಹುಣಸೂರು ಮತ್ತು ಪಿರಿಯಾಪಟ್ಟಣ, ಭತ್ತದ ಕೆ.ಆರ್. ನಗರ, ಕಾಡಂಚಿನ ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳ ಸೀಮೆಗೂ ವಿದೇಶ ಪ್ರಯಾಣ ಹೊಸತಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರ ಎಷ್ಟೋ ಕುಟುಂಬಗಳ ಮಕ್ಕಳು ಅಮೆರಿಕ, ಕೆನಡಾ ಸೇರಿದ್ದಾರೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದವರು ಗಿಡಮೂಲಿಕೆ ತೈಲ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್ ಅಂತರ್ಯುದ್ಧದಲ್ಲಿ ಅವರು ಸಿಲುಕಿಕೊಂಡಾಗಲೇ ರಾಜ್ಯದ ಬಹುಪಾಲು ಜನರಿಗೆ ಈ ವಿಷಯ ತಿಳಿದದ್ದು. ಇನ್ನು ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ಚಾಲಕರು, ದಾದಿಯರು, ಕುಶಲಕರ್ಮಿಗಳು ರಾಜ್ಯದ ಎಲ್ಲೆಡೆ ಇದ್ದಾರೆ.

ಮೂರೇ ಪ್ರಶ್ನೆಗಳು

ಯಾವ ದೇಶವೇ ಆಗಲಿ, ತಪಾಸಣೆಯ ಮೂಲಕ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ. ಒಂದು, ಈ ವ್ಯಕ್ತಿಯಿಂದ ಇತರರಿಗೆ ರೋಗ ಹರಡುವುದೇ? ಎರಡು, ಈತನ ಚಿಕಿತ್ಸೆಯ ಹೊರೆ ತನ್ನ ಬೊಕ್ಕಸದ ಮೇಲೆ ಬೀಳುವುದೇ? ಮೂರು, ಕರೆಸಿಕೊಂಡ ಕೆಲಸವನ್ನು ಮಾಡುವ ಶಕ್ತಿ ಇದೆಯೇ? ಬ್ರಿಟನ್ ಮುಖ್ಯವಾಗಿ ಮೊದಲನೆಯದನ್ನು ನೋಡುತ್ತದೆ. ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಗೆ ಎರಡನೆಯದೂ ಅಷ್ಟೇ ಮುಖ್ಯ. ಕೊಲ್ಲಿ ರಾಷ್ಟ್ರಗಳು ಮೊದಲನೆಯ ಹಾಗೂ ಮೂರನೆಯ ಪ್ರಶ್ನೆಗಳಿಗೆ ಒತ್ತು ನೀಡುತ್ತವೆ. ಆದ್ದರಿಂದ ಒಂದೇ ಕಾಯಿಲೆ ಒಂದು ದೇಶದಲ್ಲಿ ಗಣನೆಗೇ ಬಾರದೆ ಇನ್ನೊಂದು ದೇಶದಲ್ಲಿ ಬಾಗಿಲು ಮುಚ್ಚಿಸಬಹುದು.

ಕೊಲ್ಲಿ ರಾಷ್ಟ್ರಗಳ ಕಟ್ಟುನಿಟ್ಟು

ಕೊಲ್ಲಿ ಸಹಕಾರ ಮಂಡಳಿಯ ದೇಶಗಳಿಗೆ ದುಡಿಯಲು ಹೋಗುವವರು ಮಾನ್ಯತೆ ಪಡೆದ ಕೇಂದ್ರದಲ್ಲಿ ಮಾತ್ರ ತಪಾಸಣೆ ಮಾಡಿಸಬೇಕು. ಹಿಂದೆ ‘ಗಾಮ್ಕಾ’ ಎಂದು ಕರೆಯುತ್ತಿದ್ದ ಈ ವ್ಯವಸ್ಥೆ ಈಗ ‘ವಾಫಿದ್’ ಎಂಬ ಅಂತರ್ಜಾಲ ತಾಣದ ಮೂಲಕ ನಡೆಯುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಕ್ಷಯ, ಕುಷ್ಠ, ಮೂತ್ರಪಿಂಡ ಅಥವಾ ಹೃದಯದ ವೈಫಲ್ಯ ಕಂಡುಬಂದಲ್ಲಿ ‘ಅನ್‌ಫಿಟ್’ ಮುದ್ರೆ ಬೀಳುತ್ತದೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಗಳ ವಿಷಯದಲ್ಲಿ ನಿಯಮ ಭಿನ್ನವಾಗಿದೆ. ಇಲ್ಲಿ ಅಡ್ಡಿಯಾಗುವುದು ನಿಯಂತ್ರಣಕ್ಕೆ ಬಾರದ ಸ್ಥಿತಿಯೇ ಹೊರತು ಕಾಯಿಲೆಯ ಹೆಸರಲ್ಲ.

ಒಂದು ಕೇಂದ್ರದಲ್ಲಿ ಅನರ್ಹರಾದವರಿಗೆ ‘ಬೇರೆ ಕೇಂದ್ರದಲ್ಲಿ ಮಾಡಿಸೋಣ’ ಎಂದು ಆಸೆ ತೋರಿಸುವ ದಲ್ಲಾಳಿಗಳಿದ್ದಾರೆ. ಫಲಿತಾಂಶವು ಸದಸ್ಯ ದೇಶಗಳೆಲ್ಲಕ್ಕೂ ಕಾಣುವಂತೆ ಒಂದೇ ಗಣಕಜಾಲದಲ್ಲಿ ದಾಖಲಾಗುವುದರಿಂದ ಇದರಿಂದ ಪ್ರಯೋಜನವಿಲ್ಲ. ಇನ್ನೊಂದು ಅಂಶವನ್ನೂ ಗಮನಿಸಬೇಕು. ಇಲ್ಲಿ ‘ಫಿಟ್’ ಎನಿಸಿದವರಿಗೂ ಅಲ್ಲಿ ಇಳಿದ ಮೇಲೆ ವಾಸದ ಪರವಾನಗಿಗಾಗಿ ಮತ್ತೊಮ್ಮೆ ಪರೀಕ್ಷೆ ನಡೆಯುತ್ತದೆ. ಇಲ್ಲಿ ಹೇಗೋ ಮರೆಮಾಚಿದ ಕಾಯಿಲೆ ಅಲ್ಲಿ ಪತ್ತೆಯಾದರೆ ಸಾಲದ ಹೊರೆಯೊಂದಿಗೆ ಮರಳಬೇಕಾಗುತ್ತದೆ.

ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡವರಲ್ಲಿ ಒಂದು ಅನಗತ್ಯ ಭೀತಿಯಿದೆ. ಲಸಿಕೆಯಿಂದ ರಕ್ತದಲ್ಲಿ ಉಳಿಯುವುದು ಪ್ರತಿಕಾಯ. ಸೋಂಕನ್ನು ಸೂಚಿಸುವುದು ವೈರಾಣುವಿನ ಮೇಲ್ಮೈ ಪ್ರತಿಜನಕ. ಇವೆರಡೂ ಬೇರೆ ಬೇರೆ ಪರೀಕ್ಷೆಗಳು. ಲಸಿಕೆ ಪಡೆದವರು ಆ ಕಾರಣಕ್ಕೆ ಅನರ್ಹರಾಗುವುದಿಲ್ಲ.

ವಾಸಿಯಾದ ಕ್ಷಯದ ಕಲೆ

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದ್ದಾರೆ. ಹೀಗಾಗಿ ಭಾರತೀಯ ಅರ್ಜಿದಾರರ ಎದೆಯ ಎಕ್ಸ್‌ರೇಯನ್ನು ಎಲ್ಲ ದೇಶಗಳೂ ಸೂಕ್ಷ್ಮವಾಗಿ ನೋಡುತ್ತವೆ. ಹತ್ತು ವರ್ಷ ಹಿಂದೆ ಗುಣವಾದ ಕ್ಷಯವೂ ಶ್ವಾಸಕೋಶದಲ್ಲಿ ಕಲೆ ಉಳಿಸಿರುತ್ತದೆ. ಕೊಲ್ಲಿ ರಾಷ್ಟ್ರಗಳಿಗೆ ಹೊಸದಾಗಿ ಹೊರಟವರಿಗೆ ಈ ಕಲೆಯೇ ಮುಳುವಾಗಬಹುದು. ಸಂಯುಕ್ತ ಅರಬ್ ಸಂಸ್ಥಾನವು 2016ರಲ್ಲಿ ನಿಯಮ ಸಡಿಲಿಸಿ, ಅಲ್ಲಿಯೇ ವಾಸವಿದ್ದು ಪರವಾನಗಿ ನವೀಕರಿಸುವವರಲ್ಲಿ ಕ್ಷಯ ಕಂಡುಬಂದರೆ ಚಿಕಿತ್ಸೆ ಪಡೆದು ಮುಂದುವರಿಯಲು ಅವಕಾಶ ನೀಡಿತು.

ಪಾಶ್ಚಾತ್ಯ ದೇಶಗಳ ಕ್ರಮ ಬೇರೆ. ಎಕ್ಸ್‌ರೇಯಲ್ಲಿ ಸಂಶಯ ಮೂಡಿದರೆ ಮೂರು ದಿನ ಸತತವಾಗಿ ಕಫದ ಮಾದರಿ ಪಡೆಯುತ್ತಾರೆ. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಸಕ್ರಿಯ ಕ್ಷಯ ಇಲ್ಲವೆಂದು ಖಚಿತವಾದರೆ ಹಾದಿ ಸುಗಮ. ಕೆನಡಾ ಮತ್ತು ಆಸ್ಟ್ರೇಲಿಯಗಳು ಅಲ್ಲಿಗೆ ತಲುಪಿದ ಮೇಲೆ ಆರೋಗ್ಯ ಇಲಾಖೆಗೆ ವರದಿ ಮಾಡಿಕೊಳ್ಳುವ ಷರತ್ತು ವಿಧಿಸಬಹುದು. ಸಕ್ರಿಯ ಕ್ಷಯವಿದ್ದರೆ ಚಿಕಿತ್ಸೆ ಪೂರ್ಣಗೊಳಿಸಿ ಮತ್ತೆ ಪರೀಕ್ಷೆಗೆ ಬರಬೇಕು. ಅಮೆರಿಕವಂತೂ ಆರೋಗ್ಯ ಸಿಬ್ಬಂದಿಯ ಕಣ್ಣೆದುರೇ ಮಾತ್ರೆ ನುಂಗಿದ ದಾಖಲೆ ಕೇಳುತ್ತದೆ.

ಕಾಡಂಚಿನ ಎನ್. ಬೇಗೂರಿನಂಥ ಊರಿನವರಿಗೆ ಇದರ ಅರ್ಥವೇನೆಂದರೆ, ಮೂರು ದಿನ ಬೆಂಗಳೂರಿನಲ್ಲಿ ತಂಗಬೇಕು, ಎರಡು ತಿಂಗಳು ಕಾಯಬೇಕು. ಆದ್ದರಿಂದ ಹಿಂದೆ ಕ್ಷಯ ಬಂದಿದ್ದವರು ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲೇ ತಪಾಸಣೆ ಮುಗಿಸುವುದು ಲೇಸು. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರ ವಿವರ ‘ನಿಕ್ಷಯ್’ ದಾಖಲೆಯಲ್ಲಿರುತ್ತದೆ. ಆ ಸಂಖ್ಯೆ, ಚಿಕಿತ್ಸೆ ಪೂರ್ಣಗೊಂಡ ಪತ್ರ ಮತ್ತು ಹಳೆಯ ಎಕ್ಸ್‌ರೇ ಫಿಲ್ಮ್‌ಗಳು ಜತೆಗಿರಬೇಕು. ಹಳೆಯ ಮತ್ತು ಹೊಸ ಫಿಲ್ಮ್‌ಗಳನ್ನು ಹೋಲಿಸಿದಾಗ ಕಲೆ ಬದಲಾಗಿಲ್ಲವೆಂದು ತೋರಿಸಲು ಬೇರೆ ಉತ್ತಮ ಪುರಾವೆ ಇಲ್ಲ.

ಖರ್ಚಿನ ಲೆಕ್ಕ

ಕೆನಡಾ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಚಿಕಿತ್ಸೆಯ ಬಹುಪಾಲು ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ. ಆದ್ದರಿಂದ ಅವು ಅರ್ಜಿದಾರರ ಮುಂದಿನ ವರ್ಷಗಳ ಖರ್ಚನ್ನು ಅಂದಾಜು ಮಾಡಿ ಒಂದು ಮಿತಿಯೊಡನೆ ಹೋಲಿಸುತ್ತವೆ. ಕೆನಡಾ 2018ರಲ್ಲಿ ಈ ಮಿತಿಯನ್ನು ಮೂರು ಪಟ್ಟು ಏರಿಸಿತು. 2025ರಲ್ಲಿ ಅದು ವರ್ಷಕ್ಕೆ 27,162 ಕೆನಡಾ ಡಾಲರ್, ಐದು ವರ್ಷಕ್ಕೆ 1,35,810 ಡಾಲರ್ ಆಗಿತ್ತು. ಆಸ್ಟ್ರೇಲಿಯದ ಮಿತಿ 2024ರ ಜುಲೈ 1ರಿಂದ 86,000 ಆಸ್ಟ್ರೇಲಿಯ ಡಾಲರ್‌ಗೆ ಏರಿತು. ನ್ಯೂಜಿಲೆಂಡ್ 2022ರಲ್ಲಿ 81,000 ನ್ಯೂಜಿಲೆಂಡ್ ಡಾಲರ್‌ಗೆ ಹೆಚ್ಚಿಸಿತು.

ಮಾತ್ರೆಯಿಂದ ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್ ಸಮಸ್ಯೆ, ಸಾಧಾರಣ ಆಸ್ತಮಾ ಈ ಮಿತಿಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಚಿಂತೆಗೆ ಕಾರಣವಾಗುವುದು ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡಕ್ಕೆ ಆದ ಹಾನಿ. ಮೂತ್ರದಲ್ಲಿ ಪ್ರೋಟೀನ್ ಅಥವಾ ರಕ್ತದಲ್ಲಿ ಕ್ರಿಯಾಟಿನಿನ್ ಹೆಚ್ಚಿದ್ದರೆ ಮುಂದೆ ಡಯಾಲಿಸಿಸ್ ಬೇಕಾದೀತೇ ಎಂಬ ಪ್ರಶ್ನೆ ಏಳುತ್ತದೆ. ಡಯಾಲಿಸಿಸ್‌ನ ವೆಚ್ಚ ಯಾವ ಮಿತಿಯನ್ನಾದರೂ ದಾಟುತ್ತದೆ.

ಇಲ್ಲಿ ಕುಟುಂಬವೂ ಒಂದು ಘಟಕ. ಆಸ್ಟ್ರೇಲಿಯದಲ್ಲಿ ಒಬ್ಬ ಸದಸ್ಯ ಅನರ್ಹನಾದರೆ ಇಡೀ ಕುಟುಂಬದ ಅರ್ಜಿ ತಿರಸ್ಕೃತವಾಗಬಹುದು. 2023ರಲ್ಲಿ ಪರ್ತ್ ನಗರದಲ್ಲಿದ್ದ ಕೇರಳ ಮೂಲದ ಕುಟುಂಬವೊಂದು, ಮಗನಿಗೆ ಡೌನ್ ಸಿಂಡ್ರೋಮ್ ಇದ್ದ ಕಾರಣಕ್ಕೆ ದೇಶ ತೊರೆಯಬೇಕಾದ ಸ್ಥಿತಿ ತಲುಪಿತ್ತು. ಸಚಿವರು ತಮ್ಮ ವಿಶೇಷಾಧಿಕಾರ ಬಳಸಿದ ನಂತರವೇ ಅವರಿಗೆ ಅಲ್ಲಿ ನೆಲೆಸಲು ಅನುಮತಿ ದೊರೆಯಿತು. ಕೆನಡಾದಲ್ಲಿ ಪತಿ ಅಥವಾ ಪತ್ನಿ ಪ್ರಾಯೋಜಿಸಿದ ಅರ್ಜಿಗಳಿಗೆ, ಅವಲಂಬಿತ ಮಕ್ಕಳಿಗೆ ಮತ್ತು ನಿರಾಶ್ರಿತರಿಗೆ ಖರ್ಚಿನ ಈ ನಿಯಮ ಅನ್ವಯಿಸುವುದಿಲ್ಲ.

ಅಮೆರಿಕ ಮತ್ತು ಬ್ರಿಟನ್

ಬ್ರಿಟನ್ನಿನಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಇರಲು ಹೊರಟ ಭಾರತೀಯರಿಗೆ ಕ್ಷಯದ ಪ್ರಮಾಣಪತ್ರ ಕಡ್ಡಾಯ. ಅದರ ಅವಧಿ ಆರು ತಿಂಗಳು. ಸಕ್ಕರೆ ಕಾಯಿಲೆಯ ಬಗ್ಗೆ ವೀಸಾ ಅಧಿಕಾರಿ ಕೇಳುವುದಿಲ್ಲ. ಬದಲಿಗೆ ಆರೋಗ್ಯ ಶುಲ್ಕವನ್ನು ಬಹುತೇಕರಿಂದ ಮುಂಗಡವಾಗಿ ಪಡೆಯುತ್ತಾರೆ. 2024ರ ಫೆಬ್ರುವರಿಯಲ್ಲಿ ಅದನ್ನು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್‌ಗೆ ಏರಿಸಲಾಯಿತು.

ಅಮೆರಿಕದಲ್ಲಿ ಕಾಯಂ ನೆಲೆಸಲು ಹೊರಟವರಿಗೆ ತಪಾಸಣೆ ಇದೆ. ಪ್ರವಾಸಿ ಹಾಗೂ ವಿದ್ಯಾರ್ಥಿ ವೀಸಾಗಳಿಗೆ ಸಾಮಾನ್ಯವಾಗಿ ಇಲ್ಲ. ಎಚ್‌ಐವಿ ಸೋಂಕಿತರ ಮೇಲಿದ್ದ ನಿರ್ಬಂಧವನ್ನು ಆ ದೇಶ 2010ರ ಜನವರಿಯಲ್ಲಿ ತೆಗೆದುಹಾಕಿತು. ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನು ವೈದ್ಯರು ಬಹುಕಾಲದಿಂದ ದಾಖಲಿಸಿಕೊಳ್ಳುತ್ತಿದ್ದರೂ ಅವು ತಾವಾಗಿಯೇ ತಿರಸ್ಕಾರಕ್ಕೆ ಕಾರಣವಾಗುತ್ತಿರಲಿಲ್ಲ. ಆದರೆ 2025ರ ನವೆಂಬರ್‌ನಲ್ಲಿ ವಿದೇಶಾಂಗ ಇಲಾಖೆಯು ತನ್ನ ವೀಸಾ ಅಧಿಕಾರಿಗಳಿಗೆ ಕಳುಹಿಸಿದ ಸೂಚನೆ ಬೆಳಕಿಗೆ ಬಂತು. ಸಕ್ಕರೆ ಕಾಯಿಲೆ, ಹೃದ್ರೋಗ, ಬೊಜ್ಜು ಮುಂತಾದವನ್ನೂ ಪರಿಗಣಿಸಿ, ಅರ್ಜಿದಾರರು ಸರ್ಕಾರಕ್ಕೆ ಹೊರೆಯಾಗದೆ ಚಿಕಿತ್ಸೆಯ ವೆಚ್ಚ ಭರಿಸಬಲ್ಲರೇ ಎಂದು ತೂಗಿನೋಡುವಂತೆ ಅದರಲ್ಲಿ ತಿಳಿಸಲಾಗಿತ್ತು. ಅಮೆರಿಕಕ್ಕೆ ಹೊರಟ ಹಿರಿಯ ತಂದೆತಾಯಿಯರ ವಿಷಯದಲ್ಲಿ ವೈದ್ಯಕೀಯ ವರದಿಯಷ್ಟೇ ಮಹತ್ವ ಆದಾಯ ಮತ್ತು ಆಸ್ತಿಯ ದಾಖಲೆಗೂ ಬಂದಿದೆ.

ಕುಡುಗೋಲು ಕಣ ರಕ್ತಹೀನತೆ

ಎಚ್.ಡಿ. ಕೋಟೆ ಸೀಮೆಯ ಆದಿವಾಸಿ ಹಾಡಿಗಳಲ್ಲಿ ಸಿಕಲ್ ಸೆಲ್ ಅಥವಾ ಕುಡುಗೋಲು ಕಣ ರಕ್ತಹೀನತೆ ಪರಿಚಿತ ಕಾಯಿಲೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನದಡಿ ಆದಿವಾಸಿ ಪ್ರದೇಶಗಳಲ್ಲಿ ರಕ್ತಪರೀಕ್ಷೆ ನಡೆಸಿ ಕಾರ್ಡ್ ವಿತರಿಸಲಾಗುತ್ತಿದೆ. ಹಾಡಿಯ ಮಕ್ಕಳು ನರ್ಸಿಂಗ್ ಮತ್ತಿತರ ಶಿಕ್ಷಣ ಪಡೆದು ಹೊರದೇಶದ ಕಡೆ ನೋಡುವಾಗ ಒಂದು ವ್ಯತ್ಯಾಸ ತಿಳಿದಿರಬೇಕು. ತಂದೆ ಅಥವಾ ತಾಯಿಯಿಂದ ಒಂದೇ ದೋಷಯುಕ್ತ ವಂಶವಾಹಿ ಪಡೆದವರು ವಾಹಕರು ಮಾತ್ರ, ರೋಗಿಗಳಲ್ಲ. ಅವರಿಗೆ ದೀರ್ಘಕಾಲದ ಚಿಕಿತ್ಸೆಯ ವೆಚ್ಚವಿಲ್ಲ. ಇಬ್ಬರಿಂದಲೂ ಪಡೆದವರಿಗೆ ಮಾತ್ರ ರೋಗವಿರುತ್ತದೆ. ಅವರ ವಿಷಯದಲ್ಲಿ ರಕ್ತಪೂರಣ ಮತ್ತು ಆಸ್ಪತ್ರೆ ವಾಸದ ಲೆಕ್ಕ ಬರುತ್ತದೆ. ಕಾರ್ಡಿನಲ್ಲಿ ಯಾವ ವರ್ಗ ನಮೂದಾಗಿದೆ ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ಇಟ್ಟುಕೊಳ್ಳುವುದು ಒಳಿತು.

ಆಫ್ರಿಕಾಕ್ಕೆ ಹೋಗುವವರು

ಹಕ್ಕಿಪಿಕ್ಕಿ ವ್ಯಾಪಾರಿಗಳಿಗೆ ಎದುರಾಗುವುದು ಬೇರೆ ಬಗೆಯ ತಪಾಸಣೆ. ಆಫ್ರಿಕಾದ ಅನೇಕ ದೇಶಗಳು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತವೆ. ಲಸಿಕೆ ಪಡೆದ ಹತ್ತು ದಿನಗಳ ನಂತರ ಪತ್ರ ಊರ್ಜಿತವಾಗುತ್ತದೆ. 2016ರ ಜುಲೈನಿಂದ ಅದು ಜೀವನಪರ್ಯಂತ ಸಲ್ಲುತ್ತದೆ. ಹಳದಿ ಜ್ವರದ ದೇಶಗಳಿಂದ ಪತ್ರವಿಲ್ಲದೆ ಮರಳುವವರನ್ನು ಭಾರತ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಈ ಲಸಿಕೆಗೆ ಅಡ್ಡಿಯಲ್ಲ. ಇದು ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ, ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೆ ನೀಡುವುದಿಲ್ಲ. 60 ದಾಟಿದವರು ವೈದ್ಯರ ಸಲಹೆ ಪಡೆಯಬೇಕು. ಲಸಿಕೆ ಪಡೆಯಲಾಗದವರಿಗೆ ವೈದ್ಯರು ವಿನಾಯಿತಿ ಪತ್ರ ಕೊಡಬಹುದು. ಅದನ್ನು ಒಪ್ಪುವುದು ಆಯಾ ದೇಶಕ್ಕೆ ಬಿಟ್ಟದ್ದು.

ಸಿದ್ಧತೆ ಹೇಗೆ?

ತಪಾಸಣೆಗೆ ಮೂರು ತಿಂಗಳು ಮೊದಲೇ ಸಿದ್ಧತೆ ಆರಂಭಿಸಬೇಕು. ಹಿಂದಿನ ದಿನ ಉಪವಾಸವಿದ್ದು ಸಕ್ಕರೆ ಇಳಿಸಲು ಯತ್ನಿಸುವುದು, ಮಾತ್ರೆಯನ್ನು ದುಪ್ಪಟ್ಟು ನುಂಗುವುದು ಅಪಾಯಕಾರಿ. ಅದರಿಂದ ಸಕ್ಕರೆ ಪ್ರಮಾಣ ಏಕಾಏಕಿ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ‘ಎಚ್‌ಬಿಎ1ಸಿ’ ಎಂಬ ಪರೀಕ್ಷೆಯು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ ಒಂದು ದಿನದ ಪಥ್ಯ ಫಲ ಕೊಡುವುದಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ಅಂದೂ ತಪ್ಪಿಸಬಾರದು. ಆತಂಕದಿಂದ ಒತ್ತಡ ಏರಿದ್ದರೆ ವಿಶ್ರಾಂತಿಯ ನಂತರ ಮತ್ತೆ ಅಳೆಯುವಂತೆ ವಿನಂತಿಸಬಹುದು. ಮುಟ್ಟಿನ ದಿನಗಳಲ್ಲಿ ಮೂತ್ರದಲ್ಲಿ ರಕ್ತ ಕಾಣುವುದರಿಂದ ಮಹಿಳೆಯರು ದಿನಾಂಕ ಮುಂದೂಡುವುದು ಲೇಸು. ಗರ್ಭಿಣಿಯರು ಎಕ್ಸ್‌ರೇಗೆ ಮುನ್ನ ತಿಳಿಸಲೇಬೇಕು.

ಚಿಕಿತ್ಸೆ ನೀಡುತ್ತಿರುವ ವೈದ್ಯರಿಂದ ಒಂದು ಪತ್ರ ಪಡೆಯಬೇಕು. ಕಾಯಿಲೆ ಯಾವಾಗ ಪತ್ತೆಯಾಯಿತು, ಯಾವ ಔಷಧ, ಎಷ್ಟು ಪ್ರಮಾಣ, ಕಳೆದ ವರದಿಗಳು ಏನು ಹೇಳುತ್ತವೆ, ಕಣ್ಣು ಮತ್ತು ಮೂತ್ರಪಿಂಡಗಳು ಸುಸ್ಥಿತಿಯಲ್ಲಿವೆಯೇ ಎಂಬ ವಿವರ ಅದರಲ್ಲಿರಬೇಕು. ತಾಲ್ಲೂಕು ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯದ ದಾಖಲೆಯೂ ಇದಕ್ಕೆ ಸಾಕಾಗುತ್ತದೆ. ಔಷಧ ಒಯ್ಯುವಾಗ ಚೀಟಿ ಜತೆಗಿರಲಿ. ಟ್ರಮಡಾಲ್, ಕೊಡೀನ್‌ನಂಥ ನೋವುನಿವಾರಕಗಳಿಗೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಪೂರ್ವಾನುಮತಿ ಬೇಕು.

ಕಾಯಿಲೆಯನ್ನು ಮುಚ್ಚಿಡುವುದು ಮಾತ್ರ ಸಲ್ಲದು. ಸುಳ್ಳು ಮಾಹಿತಿ ನೀಡಿದವರಿಗೆ ಕೆನಡಾ ಐದು ವರ್ಷ, ಆಸ್ಟ್ರೇಲಿಯ ಮೂರು ವರ್ಷ ಪ್ರವೇಶ ನಿರಾಕರಿಸಬಹುದು. ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆಯಿಂದ ತಪ್ಪದಿದ್ದ ವೀಸಾ, ಅದನ್ನು ಮರೆಮಾಚಿದ ಕಾರಣಕ್ಕೆ ತಪ್ಪಿಹೋಗುತ್ತದೆ.

ಅನರ್ಹರಾದರೆ?

ಮೊದಲು ಕಾರಣವನ್ನು ಲಿಖಿತವಾಗಿ ಪಡೆಯಬೇಕು. ಕೆನಡಾ ಅಂತಿಮ ತೀರ್ಮಾನಕ್ಕೆ ಮುನ್ನ ಪತ್ರ ಕಳುಹಿಸಿ ಉತ್ತರಿಸಲು ಕಾಲಾವಕಾಶ ನೀಡುತ್ತದೆ. ಕಡಿಮೆ ಬೆಲೆಯ ಔಷಧದಿಂದಲೇ ಚಿಕಿತ್ಸೆ ಸಾಧ್ಯವೆಂದು ತಜ್ಞರ ಪತ್ರದೊಂದಿಗೆ ಆಗ ತೋರಿಸಬಹುದು. ಆಸ್ಟ್ರೇಲಿಯದ ಕೆಲವು ವೀಸಾ ವರ್ಗಗಳಲ್ಲಿ ವಿನಾಯಿತಿಗೆ ಅವಕಾಶವಿದೆ, ಕೆಲವರಲ್ಲಿ ಇಲ್ಲ. ಅರ್ಜಿ ಹಾಕುವ ಮೊದಲೇ ಇದನ್ನು ತಿಳಿದುಕೊಳ್ಳಬೇಕು.

ಹತ್ತನೇ ತರಗತಿ ಮುಗಿಸದೆ ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ಕಾರ್ಮಿಕರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತಿನ ಈ ವಿಮೆಯಲ್ಲಿ, ಅಲ್ಲಿ ವೈದ್ಯಕೀಯವಾಗಿ ಅನರ್ಹರಾಗಿ ಮರಳಬೇಕಾದವರ ವಿಮಾನ ವೆಚ್ಚಕ್ಕೂ ರಕ್ಷಣೆಯಿದೆ. ನೋಂದಾಯಿತ ನೇಮಕಾತಿ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ತೆರಿಗೆ ಮಾತ್ರ. ‘ಫಿಟ್ ಮಾಡಿಸಿಕೊಡುತ್ತೇವೆ’ ಎಂದು ಅದಕ್ಕೂ ಮೇಲೆ ಕೇಳುವವರಿಗೆ ಹಣ ಕೊಡುವ ಬದಲು, ಅದರ ಒಂದಂಶವನ್ನು ಮೂರು ತಿಂಗಳ ಸರಿಯಾದ ಚಿಕಿತ್ಸೆಗೆ ವಿನಿಯೋಗಿಸಿದರೆ ವೀಸಾ ದೊರೆಯುವ ಸಾಧ್ಯತೆ ಹೆಚ್ಚು. ವೀಸಾ ದೊರೆಯದಿದ್ದರೂ ಆರೋಗ್ಯವಾದರೂ ಕೈಯಲ್ಲಿ ಉಳಿಯುತ್ತದೆ.