ಅಕ್ಕನ ರಂಗೋಲಿ ಏಕೆ ನಡುಗಿತು?

ಈರುಳ್ಳಿ ಮೂಟೆಯಲ್ಲಿ ಒಂದು ಕೊಳೆತರೆ ನಾವೇನು ಮಾಡುತ್ತೇವೆ, ಸೋದರಿಯರೇ? ಕೂಡಲೇ ಆರಿಸಿ ತಿಪ್ಪೆಗೆ ಹಾಕುತ್ತೇವೆ. ಬಿಟ್ಟರೆ ಪಕ್ಕದ್ದೂ ಕೊಳೆಯುತ್ತದೆ. ನಮ್ಮ ಮೈಯ ಒಂದೊಂದು ಜೀವಕೋಶವೂ ಇದೇ ಕೆಲಸ ಮಾಡುತ್ತದೆ ಅಂದರೆ ನಂಬುತ್ತೀರಾ? ನನಗೂ ಗೊತ್ತಿರಲಿಲ್ಲ. ದೊಡ್ಡಮ್ಮನ ಮಗಳಿಗೆ ಕಾಯಿಲೆ ಬಂದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು.

ಅಕ್ಕನಿಗೆ ಆಗ 34 ವರ್ಷ. ಬೆಳಗಿನ ರಂಗೋಲಿಯ ಎಳೆ ನಡುಗತೊಡಗಿತು. ಎಡಗಾಲು ಎಳೆದು ನಡೆಯುವಳು. ರೊಟ್ಟಿ ತಟ್ಟಲು ಕೈ ಬಾರದು. ಅತ್ತೆಮನೆಯವರು ಸೋಮಾರಿತನ ಎಂದರು, ದೃಷ್ಟಿ ತೆಗೆದರು. "ಮನಸ್ಸು ಗಟ್ಟಿ ಮಾಡ್ಕೋ ಅಕ್ಕಾ" ಎಂದು ನಾನೂ ಬುದ್ಧಿ ಹೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಎರಡು ವರ್ಷ ಕಳೆದ ಮೇಲೆ ನರರೋಗದ ಡಾಕ್ಟರು ಪಾರ್ಕಿನ್‌ಸನ್ ಕಾಯಿಲೆ ಎಂದರು. ವಯಸ್ಸಾದವರಿಗೆ ಬರುವ ಕಾಯಿಲೆ ಇವಳಿಗೇಕೆ ಬಂತು?

ಜೀವಕೋಶ ತನ್ನೊಳಗಿನ ಹಾಳಾದ ಭಾಗಗಳನ್ನು ತಾನೇ ಜೀರ್ಣಿಸಿಕೊಂಡು, ಸಿಕ್ಕಿದ್ದನ್ನು ಮತ್ತೆ ಬಳಸುತ್ತದೆ. ಇದಕ್ಕೆ ಆಟೋಫೇಜಿ, ಅಂದರೆ 'ತನ್ನನ್ನೇ ತಿನ್ನುವುದು' ಎಂಬ ಹೆಸರು. 1963ರಲ್ಲಿ ಈ ಹೆಸರಿಟ್ಟವರು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್. ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲಿ ಇದರ ಕೆಲಸವನ್ನು ಶೋಧಿಸಿದ ಜಪಾನಿನ ಯೋಶಿನೋರಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಬಹುಮಾನ ಬಂತು.

ಜೀವಕೋಶದಲ್ಲಿ ಮೈಟೋಕಾಂಡ್ರಿಯಾ ಎಂಬ ಪುಟ್ಟ ಒಲೆಗಳಿವೆ. ಶಕ್ತಿ ಹುಟ್ಟುವುದು ಅಲ್ಲಿ. ಒಲೆ ಕೆಟ್ಟರೆ ಪಿಂಕ್-1 ಎಂಬ ಕಿಣ್ವ ಅದರ ಮೇಲೆ ಜಮಾಯಿಸುತ್ತದೆ, ಪಾರ್ಕಿನ್ ಎಂಬ ಇನ್ನೊಂದು ಕಿಣ್ವವನ್ನು ಕರೆಯುತ್ತದೆ. ಪಾರ್ಕಿನ್ ಬಂದು ಆ ಒಲೆಗೆ 'ಇದು ಕೆಟ್ಟದ್ದು' ಎಂದು ಚೀಟಿ ಅಂಟಿಸುತ್ತದೆ. ಚೀಟಿ ನೋಡಿ ಒಂದು ಪೊರೆ ಒಲೆಯನ್ನು ಚೀಲದಂತೆ ಸುತ್ತಿ, ಜೀರ್ಣಿಸುವ ಕಡೆಗೆ ಒಯ್ಯುತ್ತದೆ. ಪಾರ್ಕಿನ್ ಜೀನನ್ನು 1998ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಅದು ಕೆಟ್ಟ ಒಲೆಗಳ ಮೇಲೆಯೇ ಹೋಗಿ ಸೇರುತ್ತದೆ ಎಂಬುದು 2008ರಲ್ಲಿ ತಿಳಿಯಿತು.

ಚೀಟಿ ಅಂಟಿಸುವವರೇ ಇಲ್ಲದಿದ್ದರೆ? ಕೆಟ್ಟ ಒಲೆಗಳು ಒಳಗೇ ಉಳಿಯುತ್ತವೆ. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತವೆ. ಕೈಕಾಲು ನಡುಗುತ್ತದೆ, ಬಿಗಿಯುತ್ತದೆ, ನಿಧಾನವಾಗುತ್ತದೆ.

ಪ್ರತಿಯೊಬ್ಬರಲ್ಲೂ ಪಾರ್ಕಿನ್ ಜೀನಿನ ಎರಡು ಪ್ರತಿ ಇರುತ್ತವೆ: ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕೆಲಸ ತೂಗಿಸುತ್ತದೆ. ಅಕ್ಕನಲ್ಲಿ ಎರಡೂ ಕೆಟ್ಟಿದ್ದವು. ನಮ್ಮ ದೊಡ್ಡಮ್ಮ ಮದುವೆಯಾದದ್ದು ಸ್ವಂತ ಸೋದರಮಾವನನ್ನು! ಒಂದೇ ಮನೆತನದಲ್ಲಿ ಅದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಹಾಗಂತ ಗಾಬರಿ ಬೇಡ. ಪಾರ್ಕಿನ್‌ಸನ್ ಬಂದ ಹೆಚ್ಚಿನವರಲ್ಲಿ ಅದು ಹೀಗೆ ವಂಶದಿಂದ ಬಂದದ್ದಲ್ಲ.

ಕಳೆದ ವರ್ಷ ಅಕ್ಕನ ಮಗಳನ್ನು ಅಕ್ಕನ ಅಣ್ಣನ ಮಗನಿಗೇ ಕೊಡುವ ಮಾತು ಬಂತು. ಹುಡುಗ ಒಳ್ಳೆಯವನು, ಮನೆ ಗೊತ್ತಿದ್ದದ್ದು, ಎಲ್ಲರಿಗೂ ಸಂತೋಷ. ನಾನು ಮಾತ್ರ "ಮೊದಲು ಇಬ್ಬರ ರಕ್ತ ಪರೀಕ್ಷೆಯಾಗಲಿ" ಎಂದೆ. ಹುಡುಗಿಯೂ ನನ್ನ ಪರ ನಿಂತಳು. ಅವಳಲ್ಲಿ ಒಂದು ಕೆಟ್ಟ ಪ್ರತಿ ಇದ್ದೇ ಇರುತ್ತದೆ, ತಾಯಿಯಿಂದ ಬಂದದ್ದು. ಹುಡುಗನಲ್ಲೂ ಒಂದು ಸಿಕ್ಕಿತು. ಇವರಿಗೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಎಂದರು ಡಾಕ್ಟರು. ಮಾತು ನಿಂತಿತು. ದೊಡ್ಡಮ್ಮ ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ.

ಆಟೋಫೇಜಿ ಹೆಚ್ಚಲೆಂದು ಉಪವಾಸ ಮಾಡಿಸಿ ಎನ್ನುವವರೂ ಇದ್ದಾರೆ. ಉಪವಾಸದಿಂದ ಈ ಕಾಯಿಲೆ ವಾಸಿಯಾಗದು. ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು. ಅಕ್ಕ ತೆಗೆದುಕೊಳ್ಳುವುದು ಲೆವೊಡೋಪಾ. ಬೇಳೆ, ಹಾಲು, ಮೊಸರಿನ ಜೊತೆ ತೆಗೆದುಕೊಂಡರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಆದ್ದರಿಂದ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಲು ಹೇಳಿದ್ದಾರೆ.

ನಿಮ್ಮ ಮನೆಯಲ್ಲಿ ಯಾರದಾದರೂ ಕೈ ನಿಧಾನವಾದರೆ, ಅಕ್ಷರ ಸಣ್ಣದಾಗುತ್ತಾ ಹೋದರೆ, ಬೈಯುವ ಮೊದಲು ಡಾಕ್ಟರಿಗೆ ತೋರಿಸಿ. ಅಕ್ಕ ಈಗ ಮಾತ್ರೆ ಹಿಡಿದ ಮೇಲೆ ರಂಗೋಲಿ ಹಾಕುತ್ತಾಳೆ. ಎಳೆ ಸ್ವಲ್ಪ ವಕ್ರ. ಆದರೇನಂತೆ, ಅಂಗಳ ಬರಿದಾಗಿಲ್ಲ!