ಹಾಜರಿ ಕೂಗದ ಪಿಲಾನಿ

ನಮ್ಮ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹುಡುಗ ಬೆಳಗಿನ ಮೊದಲ ಪೀರಿಯಡ್ ತಪ್ಪಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅಪ್ಪನ ಮೊಬೈಲಿಗೆ ಮೆಸೇಜ್ ಬಂದಿರುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ನಿಯಮದಂತೆ ಶೇ 85ರಷ್ಟು ಹಾಜರಿ ಇರಬೇಕು. ಕಡಿಮೆ ಬಿದ್ದರೆ ಡಾಕ್ಟರ ಸರ್ಟಿಫಿಕೇಟು, ಮುಚ್ಚಳಿಕೆ ಪತ್ರ, ಪ್ರಾಂಶುಪಾಲರ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕಾಯುವ ತಾಯಿ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮಕ್ಕಳ ಬಾಯಲ್ಲಿ ಪಾಠದ ಮಾತಿಗಿಂತ ಶಾರ್ಟೇಜ್ ಪಟ್ಟಿಯ ಮಾತೇ ಹೆಚ್ಚು.

ರಾಜಸ್ಥಾನದ ಝುಂಝುನು ಜಿಲ್ಲೆಯಲ್ಲಿರುವ ಪಿಲಾನಿಯಲ್ಲಿ ಈ ಪಟ್ಟಿಯೇ ಇಲ್ಲ. ಬಿರ್ಲಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಆ್ಯಂಡ್ ಸೈನ್ಸ್, ಎಲ್ಲರೂ ಕರೆಯುವಂತೆ ಬಿಟ್ಸ್, ದೇಶದಲ್ಲಿ ಸೀಟು ಸಿಗುವುದು ಬಲು ಕಷ್ಟವೆನಿಸಿದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಒಂದು. ಅಲ್ಲಿ ತರಗತಿಗೆ ಬರಲೇಬೇಕೆಂಬ ಕಡ್ಡಾಯವಿಲ್ಲ. ಬಂದವರಿಗೆ ಪಾಠ, ಬಾರದವರಿಗೆ ಅವರವರ ದಾರಿ. ಪಿಯುಸಿ ಮುಗಿಸಿದ ಮಗನನ್ನೋ ಮಗಳನ್ನೋ ಅಲ್ಲಿಗೆ ಕಳಿಸುವ ನಮ್ಮ ಕಡೆಯ ತಂದೆ ತಾಯಿಗೆ ಇದನ್ನು ಕೇಳಿದಾಗ ಮೊದಲು ಆಗುವುದು ಗಾಬರಿ.

ಗಾಬರಿಗೆ ಕಾರಣವಿಲ್ಲ ಎನ್ನಲಾರೆ. ಆದರೆ ಅಲ್ಲಿನ ವಿದ್ಯಾರ್ಥಿ ಜೀವನ ಅರ್ಥವಾಗಬೇಕಾದರೆ ಈ ಒಂದು ನಿಯಮದಿಂದಲೇ ಶುರು ಮಾಡಬೇಕು. ಉಳಿದದ್ದೆಲ್ಲ ಇದೇ ಬೇರಿನಿಂದ ಚಿಗುರಿದ್ದು.

ಊರಿನ ಕಥೆ ಹಳೆಯದು. 1901ರಲ್ಲಿ ಶಿವನಾರಾಯಣ ಬಿರ್ಲಾ ತಮ್ಮ ಮೊಮ್ಮಕ್ಕಳಾದ ಘನಶ್ಯಾಮದಾಸ್ ಮತ್ತು ರಾಮೇಶ್ವರದಾಸ್ ಅವರಿಗೆ ಅಕ್ಷರ ಕಲಿಸಲು ಒಬ್ಬ ಮೇಷ್ಟ್ರನ್ನು ಇಟ್ಟು ಪಾಠಶಾಲೆ ತೆರೆದರು. ಅದು ಹೈಸ್ಕೂಲಾಗಿ, 1929ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಯಿತು. ಎರಡನೇ ಮಹಾಯುದ್ಧದ ವೇಳೆ ಸರ್ಕಾರ ಅಲ್ಲಿ ತಂತ್ರಜ್ಞರ ತರಬೇತಿ ಕೇಂದ್ರ ನಡೆಸಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದೇ ಎಂಜಿನಿಯರಿಂಗ್ ಕಾಲೇಜಾಗಿ ಬೆಳೆಯಿತು. ಎಲ್ಲವನ್ನೂ ಒಂದುಗೂಡಿಸಿ 1964ರಲ್ಲಿ ಬಿಟ್ಸ್ ಹುಟ್ಟಿತು. ಫೋರ್ಡ್ ಫೌಂಡೇಶನ್ನಿನ ನೆರವು, ಅಮೆರಿಕದ ಎಂಐಟಿಯ ಸಲಹೆ ಎರಡೂ ಜೊತೆಗಿದ್ದವು.

ಆ ಸಲಹೆಯಿಂದ ಬಂದ ಬದಲಾವಣೆ ದೊಡ್ಡದು. ವರ್ಷದ ಕೊನೆಗೆ ಒಂದೇ ಪರೀಕ್ಷೆ, ಪ್ರಶ್ನೆಪತ್ರಿಕೆ ತೆಗೆಯುವವರು ಎಲ್ಲೋ, ತಿದ್ದುವವರು ಇನ್ನೆಲ್ಲೋ ಎಂಬುದು ಆಗಿನ ನಮ್ಮ ವಿಶ್ವವಿದ್ಯಾಲಯಗಳ ರೂಢಿ. ಪಿಲಾನಿಯಲ್ಲಿ ಸೆಮಿಸ್ಟರ್ ಪದ್ಧತಿ ಬಂತು. ಪಾಠ ಹೇಳಿದ ಮೇಷ್ಟ್ರೇ ಪ್ರಶ್ನೆ ಕೊಟ್ಟು, ತಿದ್ದಿ, ಗ್ರೇಡ್ ಕೊಡುವ ಕ್ರಮ ಬಂತು. ತಿದ್ದಿದ ಉತ್ತರಪತ್ರಿಕೆಯನ್ನು ವಿದ್ಯಾರ್ಥಿಗೆ ತೋರಿಸುತ್ತಾರೆ. ‘ಇಲ್ಲಿ ಎರಡು ಅಂಕ ಯಾಕೆ ಹೋಯಿತು ಸರ್’ ಎಂದು ಎದುರು ನಿಂತು ಕೇಳಬಹುದು. ಹಾಜರಿ ಕೇಳದಿರುವುದನ್ನು ಇದರ ಜೊತೆಗಿಟ್ಟು ನೋಡಬೇಕು. ಮೇಷ್ಟ್ರು ಹುಡುಗನನ್ನು ನಂಬುತ್ತಾರೆ, ಹುಡುಗ ಮೇಷ್ಟ್ರ ಗ್ರೇಡನ್ನು ನಂಬುತ್ತಾನೆ. ಒಂದು ಕಡೆಯ ನಂಬಿಕೆ ಮಾತ್ರ ಇದ್ದಿದ್ದರೆ ಈ ಪದ್ಧತಿ ಇಷ್ಟು ಕಾಲ ನಿಲ್ಲುತ್ತಿರಲಿಲ್ಲ.

ಸೆಮಿಸ್ಟರ್ ಆರಂಭದ ರಿಜಿಸ್ಟ್ರೇಶನ್ ಹೊತ್ತಿನಲ್ಲಿ ಹಾಸ್ಟೆಲ್ ಕೋಣೆಯೊಳಗೆ ಇಣುಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಂಚದ ಮೇಲೆ ಟೈಮ್‌ಟೇಬಲ್ ಹರಡಿರುತ್ತದೆ. ಒಂದೇ ವಿಷಯವನ್ನು ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಮೇಷ್ಟ್ರು ತೆಗೆದುಕೊಳ್ಳುತ್ತಾರೆ. ಯಾರ ತರಗತಿಗೆ ಸೇರಬೇಕು ಎಂಬುದನ್ನು ಹುಡುಗರೇ ಆರಿಸಿಕೊಳ್ಳಬೇಕು. ಪರೀಕ್ಷೆಗಳ ದಿನಾಂಕವೂ ಅದರಲ್ಲೇ ಅಚ್ಚಾಗಿರುತ್ತದೆ. ಬೆಳಗ್ಗೆ ಎಂಟರ ತರಗತಿ ಬೇಡ, ಆದರೆ ಒಳ್ಳೆಯ ಮೇಷ್ಟ್ರು ಸಿಗುವುದು ಎಂಟಕ್ಕೇ. ಚಳಿಗಾಲದ ಪಿಲಾನಿಯಲ್ಲಿ ಉಷ್ಣಾಂಶ ಸೊನ್ನೆಯ ಹತ್ತಿರ ಇಳಿಯುತ್ತದೆ, ಮಂಜಿನಲ್ಲಿ ಎದುರಿನ ಭವನವೂ ಕಾಣುವುದಿಲ್ಲ. ಏನು ಮಾಡಬೇಕು? ಸೀನಿಯರ್ ಕೋಣೆಯ ಬಾಗಿಲು ತಟ್ಟಿ ಕೇಳುತ್ತಾರೆ. ಹದಿನೆಂಟರ ಮಗು ತನ್ನ ದಿನವನ್ನು ತಾನೇ ಕಟ್ಟಿಕೊಳ್ಳುವ ಈ ಕೆಲಸವನ್ನು ಯಾವ ಪಠ್ಯಕ್ರಮವೂ ಕಲಿಸಲಾರದು.

ಹಾಸ್ಟೆಲುಗಳಿಗೆಲ್ಲ ‘ಭವನ’ ಎಂದೇ ಹೆಸರು: ರಾಮ, ಕೃಷ್ಣ, ಗಾಂಧಿ, ಶಂಕರ, ವ್ಯಾಸ, ಬುದ್ಧ, ಮಾಳವೀಯ. ಹುಡುಗಿಯರದು ಮೀರಾ. ಒಂದು ಸಾಲಿನ ಕೋಣೆಗಳು ಸೇರಿದರೆ ‘ವಿಂಗ್’. ಸ್ನೇಹ, ಜಗಳ, ಹುಟ್ಟುಹಬ್ಬ ಎಲ್ಲವೂ ವಿಂಗಿನ ಲೆಕ್ಕದಲ್ಲೇ. ರಾತ್ರಿ ಹಸಿವಾದರೆ ಭವನದೊಳಗಿನ ‘ರೇಡಿ’ ಇದೆ. ತಳ್ಳುಗಾಡಿಯ ಹೆಸರನ್ನು ಉಳಿಸಿಕೊಂಡ ಪುಟ್ಟ ಅಂಗಡಿ ಅದು. ಮ್ಯಾಗಿ, ಚಹಾ, ಪರೋಟ. ಇನ್ನೂ ತಡವಾದರೆ ಆಲ್ ನೈಟ್ ಕ್ಯಾಂಟೀನು. ನಮ್ಮೂರಿನ ಹುಡುಗರಿಗೆ ಮೊದಲ ತಿಂಗಳು ಅನ್ನ ಸಾರಿನ ನೆನಪು ಬಹಳ ಕಾಡುತ್ತದೆ. ಮನೆಯಿಂದ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬಿ ಹದಿನೈದು ದಿನಕ್ಕೆ ತಳ ಕಾಣುತ್ತದೆ, ಏಕೆಂದರೆ ಅದನ್ನು ತಿಂದವರಲ್ಲಿ ಅರ್ಧ ಜನ ತೆಲುಗರು, ಮರಾಠಿಗರು.

ಅವರದೇ ಒಂದು ಭಾಷೆಯೂ ಇದೆ. ಹಗಲೂ ರಾತ್ರಿ ಓದುವುದು ‘ಘೋಟ್’. ತಲೆಕೆಡಿಸಿಕೊಳ್ಳದಿರುವುದು ‘ಲೈಟ್’. ಕ್ಯಾಂಪಸ್ಸಿನ ಕೊನೆಯ ಸೆಮಿಸ್ಟರ್ ‘ಸೆಂಟಿ ಸೆಮ್’. ಓಯಸಿಸ್ ಎಂಬ ಸಾಂಸ್ಕೃತಿಕ ಉತ್ಸವವನ್ನು, ಆ್ಯಪೊಜಿ ಎಂಬ ತಾಂತ್ರಿಕ ಉತ್ಸವವನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆ. ಬೆಳಕಿಗೊಂದು ತಂಡ, ಧ್ವನಿಗೊಂದು, ರಂಗಸಜ್ಜಿಕೆಗೊಂದು, ಹಣದ ಲೆಕ್ಕಕ್ಕೊಂದು. ಬಂದ ಅತಿಥಿ ವಿದ್ಯಾರ್ಥಿಗಳ ವಸತಿಯಿಂದ ಹಿಡಿದು ಪ್ರಾಯೋಜಕರ ಜೊತೆ ಚೌಕಾಸಿಯವರೆಗೆ ಅವರದೇ ಹೊಣೆ.

ಇಲ್ಲಿಂದ ಬೆಂಗಳೂರಿಗೆ ಒಂದು ನೇರ ದಾರಿಯಿದೆ. 1973ರಿಂದ ಬಿಟ್ಸ್‌ನಲ್ಲಿ ‘ಪ್ರ್ಯಾಕ್ಟೀಸ್ ಸ್ಕೂಲ್’ ನಡೆದುಬಂದಿದೆ. ಎರಡನೇ ವರ್ಷದ ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು, ಕೊನೆಯ ವರ್ಷದಲ್ಲಿ ಐದೂವರೆ ತಿಂಗಳು ಕಂಪನಿಯಲ್ಲೋ ಸಂಶೋಧನಾಲಯದಲ್ಲೋ ಕೆಲಸ ಮಾಡಬೇಕು, ಅದಕ್ಕೂ ಗ್ರೇಡ್ ಬರುತ್ತದೆ. ಹೀಗೆ ಪ್ರತಿವರ್ಷ ಬೆಂಗಳೂರಿಗೆ ಬರುವವರಿಗೆ ಬೆಳ್ಳಂದೂರು, ಕೋರಮಂಗಲಗಳ ಪಿಜಿಗಳು ಇನ್ನೊಂದು ವಿಂಗ್ ಆಗುತ್ತವೆ.

2005ರ ದೀಪಾವಳಿಗೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಫಣೀಂದ್ರ ಸಾಮ ಅವರಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗಲಿಲ್ಲ. ಅವರು ಬಿಟ್ಸ್‌ನಲ್ಲಿ ಓದಿದವರು. ಅಲ್ಲಿನ ಗೆಳೆಯರಾದ ಸುಧಾಕರ ಪಸುಪುನೂರಿ, ಚರಣ ಪದ್ಮರಾಜು ಜೊತೆ ಸೇರಿ ಮರುವರ್ಷ ರೆಡ್‌ಬಸ್ ಶುರು ಮಾಡಿದರು. 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಸ್ವಿಗ್ಗಿಯ ಸ್ಥಾಪಕರಲ್ಲಿ ಶ್ರೀಹರ್ಷ ಮಾಜೇಟಿ, ನಂದನ್ ರೆಡ್ಡಿ ಇಬ್ಬರೂ ಬಿಟ್ಸ್‌ನವರೇ. ಇವರ ಯಶಸ್ಸಿಗೆ ಹಾಜರಿ ವಿನಾಯಿತಿಯೇ ಕಾರಣ ಎಂದು ಹೇಳುವುದಿಲ್ಲ. ಯಾರೂ ಹೇಳಿಕೊಡದ ಕೆಲಸವನ್ನು ತಾವಾಗಿ ಕೈಗೆತ್ತಿಕೊಳ್ಳುವ, ಗೆಳೆಯರನ್ನು ನಂಬಿ ಜೊತೆಗೆ ದುಡಿಯುವ ರೂಢಿ ಮಾತ್ರ ಅಲ್ಲಿ ಮೊದಲ ವರ್ಷದಿಂದಲೇ ಬೀಳುತ್ತದೆ.

ಈಗ ಗಾಬರಿಯ ಮಾತಿಗೆ ಬರೋಣ. ಹನ್ನೆರಡು ವರ್ಷ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಮಲಗಿದ ಮಗುವಿಗೆ, ಅದರಲ್ಲೂ ವಸತಿ ಪಿಯು ಕಾಲೇಜುಗಳಲ್ಲಿ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಓದಿದ ನಮ್ಮ ಮಕ್ಕಳಿಗೆ, ಒಮ್ಮೆಲೇ ಸಿಕ್ಕ ಈ ಸ್ವಾತಂತ್ರ್ಯ ಭಾರವಾಗುತ್ತದೆ. ಗ್ರೇಡ್ ಇಡೀ ತರಗತಿಯ ಅಂಕಗಳಿಗೆ ಹೋಲಿಸಿ ಬರುವುದರಿಂದ, ಊರಿಗೇ ಮೊದಲಿಗನಾಗಿದ್ದವನು ಮೊದಲ ಬಾರಿ ಮಧ್ಯದಲ್ಲೋ ಕೊನೆಯಲ್ಲೋ ನಿಲ್ಲುತ್ತಾನೆ. ಎಂ.ಎಸ್ಸಿ.ಗೆ ಸೇರಿ ಎರಡನೇ ಪದವಿಯಾಗಿ ಎಂಜಿನಿಯರಿಂಗ್ ಪಡೆಯಲು ಬಯಸಿದವರಿಗಂತೂ ಮೊದಲ ವರ್ಷದ ಗ್ರೇಡಿನ ಮೇಲೆಯೇ ಬ್ರಾಂಚ್ ತೀರ್ಮಾನ. ಅಂಥವರಿಗೆ ‘ಲೈಟ್’ ಎಂಬ ಮಾತು ಅನ್ವಯಿಸುವುದಿಲ್ಲ. ಹಾಜರಿ ಇಲ್ಲದ ಕಡೆ ಒಬ್ಬ ವಿದ್ಯಾರ್ಥಿ ಎರಡು ವಾರ ಕೋಣೆ ಬಿಟ್ಟು ಹೊರಬರದಿದ್ದರೆ ಅದನ್ನು ಮೊದಲು ಗಮನಿಸುವುದು ಪಕ್ಕದ ಕೋಣೆಯವನು. ಆದ್ದರಿಂದಲೇ ವಿಂಗ್ ಎಂಬುದು ಬರೀ ಮೋಜಿನ ಗುಂಪಲ್ಲ.

ಸ್ವಾತಂತ್ರ್ಯ ಎಲ್ಲರಿಗೂ ಸಮನಾಗಿಯೂ ಇರಲಿಲ್ಲ. ಹುಡುಗರು ಮಧ್ಯರಾತ್ರಿ ಎಲ್ಲೆಂದರಲ್ಲಿ ತಿರುಗಾಡಿದ ಕ್ಯಾಂಪಸ್ಸಿನಲ್ಲೇ ಮೀರಾ ಭವನದ ಬಾಗಿಲಿಗೆ ಬಹುಕಾಲ ಹೊತ್ತಿನ ಕಟ್ಟುಪಾಡಿತ್ತು. ನಂಬಿಕೆಯ ಮೇಲೆ ನಿಂತ ಸಂಸ್ಥೆಯೊಂದು ಅರ್ಧ ನಂಬಿದ ಕಥೆ ಇದು.

ಸಂಸ್ಥೆಯ ಪ್ರವೇಶದ ಬಾಗಿಲ ಬಳಿಯ ಪ್ರಶ್ನೆ ಇನ್ನೂ ದೊಡ್ಡದು. 2005ರಿಂದ ಪ್ರವೇಶಕ್ಕೆ ಬಿಟ್‌ಸ್ಯಾಟ್ ಎಂಬ ಕಂಪ್ಯೂಟರ್ ಪರೀಕ್ಷೆ. ಅದಕ್ಕೂ ಮುನ್ನ ಹನ್ನೆರಡನೇ ತರಗತಿಯ ಅಂಕಗಳನ್ನು ಬೋರ್ಡುಗಳ ನಡುವೆ ಸರಿದೂಗಿಸಿ ಸೀಟು ಕೊಡುತ್ತಿದ್ದರು. ರಾಜ್ಯವಾರು ಕೋಟಾ ಇಲ್ಲ, ಡೊನೇಶನ್ ಸೀಟಿಲ್ಲ, ಜಾತಿವಾರು ಮೀಸಲಾತಿಯೂ ಇಲ್ಲ. ಡೊನೇಶನ್ ಇಲ್ಲವೆಂಬುದು ನಿಜಕ್ಕೂ ಹೆಮ್ಮೆಯ ವಿಷಯ. ಆದರೆ ನಾಲ್ಕು ವರ್ಷದ ಬೋಧನಾ ಶುಲ್ಕವೇ ಈಗ 20 ಲಕ್ಷ ರೂಪಾಯಿ ದಾಟುತ್ತದೆ. ವಿದ್ಯಾರ್ಥಿವೇತನಗಳಿವೆ, ಸಾಲ ಸಿಗುತ್ತದೆ, ಆದರೂ ರಾಯಚೂರಿನ ರೈತನ ಮಗಳು ಅರ್ಜಿ ಹಾಕುವ ಮೊದಲೇ ಹಿಂದೆ ಸರಿಯುತ್ತಾಳೆ. ಶುಲ್ಕ ಹೀಗೇ ಏರುತ್ತ ಹೋದರೆ, ಈ ನಂಬಿಕೆಯ ಪಾಠ ಉಳ್ಳವರ ಮಕ್ಕಳಿಗಷ್ಟೇ ಸಿಗುತ್ತದೆ.

ಹಾಗಾಗಬಾರದು. ಹಾಜರಿ ಬಿಡುವುದಕ್ಕೆ ಬಿರ್ಲಾ ಅವರ ಹಣವೂ ಬೇಡ, ಅಮೆರಿಕದ ಸಲಹೆಯೂ ಬೇಡ. ನಮ್ಮ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳೂ ಇದನ್ನು ಮಾಡಬಹುದು. ವಿಟಿಯು ಮತ್ತು ಸ್ವಾಯತ್ತ ಕಾಲೇಜುಗಳ ಹಿರಿಯರಲ್ಲಿ ಒಂದು ವಿನಂತಿ: ಮೂರನೇ ವರ್ಷದ ಮಕ್ಕಳಿಗೆ ಒಂದೇ ಒಂದು ಸೆಮಿಸ್ಟರ್ ಹಾಜರಿಯ ಕಡ್ಡಾಯ ತೆಗೆದು ನೋಡಿ, ತಿದ್ದಿದ ಉತ್ತರಪತ್ರಿಕೆಯನ್ನು ಅವರ ಕೈಗೆ ಕೊಟ್ಟು ನೋಡಿ. ಆಮೇಲೆ ತರಗತಿಯಲ್ಲಿ ಎಷ್ಟು ಜನ ಕೂತಿದ್ದಾರೆ ಎಂದು ಎಣಿಸಿ.