ಬೆಳ್ಳಗಾಗುವ ಕ್ರೀಮು: ಮುಖಕ್ಕೂ ಪೆಟ್ಟು, ಕಿಡ್ನಿಗೂ ಪೆಟ್ಟು

ಕರಾವಳಿಯಿಂದ ವ್ಯಾಪಾರಕ್ಕೆಂದು ಬಂದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ನೆಲೆಸಿರುವ ನಮ್ಮ ಬ್ಯಾರಿ ಮನೆಗಳಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: "ಇಲ್ಲಿಗೆ ಬಂದ ಮೇಲೆ ಮಕ್ಕಳು ಕಪ್ಪಾಗಿಬಿಟ್ಟರು." ಊರಿಂದ ಬಂದ ಉಮ್ಮಂದಿರು ಮೊಮ್ಮಗಳ ಮುಖ ನೋಡಿ ಮೊದಲು ಹೇಳುವುದೂ ಇದನ್ನೇ. ಬಿಸಿಲು ಸುಳ್ಳಲ್ಲ, ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ಮುಟ್ಟುತ್ತದೆ. ಆದರೆ ಆ ಮಾತಿನ ಬೆನ್ನಿಗೇ ಮನೆಗೆ ಒಂದು ಕ್ರೀಮಿನ ಡಬ್ಬಿ ಬರುತ್ತದಲ್ಲ, ನಮ್ಮ ಚಿಂತೆ ಅದರದ್ದು.

ಮದ್ರಸದಲ್ಲಿ ಪಾಠ ಹೇಳುವವರಿಗೆ ಚರ್ಮದ ಉಸಾಬರಿ ಯಾಕೆ ಎಂದು ಕೇಳಬಹುದು. ಮಕ್ಕಳು ದಿನಾ ನಮ್ಮ ಎದುರಿಗೇ ಕೂತು ಓದುತ್ತಾರೆ. ಕುತ್ತಿಗೆಯ ಹುಳುಕಡ್ಡಿ, ಕೆರೆದು ಗಾಯವಾದ ಕೈ, ಕೆಂಪಾಗಿ ಸಿಪ್ಪೆ ಏಳುತ್ತಿರುವ ಕೆನ್ನೆ ನಮ್ಮ ಕಣ್ಣಿಗೆ ಬೀಳದೆ ಇರುವುದಿಲ್ಲ.

ಮೊದಲು ಹುಳುಕಡ್ಡಿಯ ವಿಷಯ. ಈ ಕಡೆಯವರು ಗಜಕರ್ಣ ಅಂತಾರೆ. ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಏನಾದ್ರೂ ಕೊಡ್ರಿ" ಎಂದರೆ ಒಂದು ಟ್ಯೂಬ್ ಕೈಗೆ ಬರುತ್ತದೆ. ಅದರಲ್ಲಿ ಬಹಳ ಸಲ ಶಿಲೀಂಧ್ರದ ಮದ್ದಿನ ಜೊತೆ ಸ್ಟಿರಾಯ್ಡ್ ಕೂಡ ಬೆರೆತಿರುತ್ತದೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಮನೆಯವರಿಗೆ ಸಮಾಧಾನ. ಆದರೆ ಸ್ಟಿರಾಯ್ಡ್ ಉರಿಯನ್ನಷ್ಟೇ ಮುಚ್ಚುತ್ತದೆ, ಜೊತೆಗೆ ಚರ್ಮದ ರಕ್ಷಣೆಯ ಬಲವನ್ನೂ ಕುಗ್ಗಿಸುತ್ತದೆ. ಹಚ್ಚುವುದು ಬಿಟ್ಟ ಕೂಡಲೇ ಹುಳುಕಡ್ಡಿ ಇನ್ನಷ್ಟು ಅಗಲವಾಗಿ ಹಬ್ಬುತ್ತದೆ. ಕೆಲವೊಮ್ಮೆ ಅದರ ಗುರುತೇ ಬದಲಾಗಿ, ಡಾಕ್ಟರಿಗೂ ಒಂದೇ ನೋಟಕ್ಕೆ ತಿಳಿಯುವುದಿಲ್ಲ. ಟರ್ಬಿನಾಫಿನ್‌ನಂತಹ ಹಳೆಯ ಮದ್ದಿಗೆ ಸುಲಭವಾಗಿ ಬಗ್ಗದ ಶಿಲೀಂಧ್ರ ಈಗ ದೇಶದಲ್ಲೆಲ್ಲ ಹರಡಿದೆ. ಚರ್ಮದ ಡಾಕ್ಟರುಗಳು ಹೇಳುವುದು ಇಷ್ಟು: ಮದ್ದನ್ನು ಹೇಳಿದಷ್ಟು ವಾರ ಪೂರ್ತಿ ಮಾಡಿ, ಮನೆಯಲ್ಲಿ ಎಷ್ಟು ಜನಕ್ಕೆ ಬಂದಿದೆಯೋ ಅಷ್ಟೂ ಜನ ಒಟ್ಟಿಗೆ ಚಿಕಿತ್ಸೆ ತೆಗೆದುಕೊಳ್ಳಿ, ಟವೆಲ್ ಬೇರೆ ಬೇರೆ ಇರಲಿ, ಒಳಬಟ್ಟೆ ಬಿಸಿಲಿನಲ್ಲಿ ಒಣಗಲಿ. ವುಝೂವಿನಲ್ಲಿ ಕಾಲ್ಬೆರಳ ಸಂದಿಗೆ ನೀರು ಮುಟ್ಟಿಸುವುದು ಮಕ್ಕಳಿಗೂ ಗೊತ್ತು. ಆಮೇಲೆ ಆ ಸಂದಿಯನ್ನು ಒರೆಸುವುದನ್ನೂ ಅವರಿಗೆ ಹೇಳಿಕೊಡಬೇಕು. ಒದ್ದೆ ಕಾಲಿಗೆ ಸಾಕ್ಸ್, ಶೂ ಏರಿಸಿದರೆ ಶಿಲೀಂಧ್ರಕ್ಕೆ ಹಬ್ಬವೇ.

ಅದೇ ಟ್ಯೂಬು ಹೆಣ್ಣುಮಕ್ಕಳ ಮುಖಕ್ಕೂ ಹೋಗುತ್ತಿದೆ. ಹಚ್ಚಿದ ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ತಿಂಗಳುಗಟ್ಟಲೆ ಮುಂದುವರಿಸಿದರೆ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಮುಖದಲ್ಲಿ ಬೇಡದ ಕೂದಲು ಬರುತ್ತದೆ, ಬಿಸಿಲಿಗೆ ಹೋದರೆ ಉರಿ. ಬಿಟ್ಟರೆ ಮುಖ ಕೆಂಡದಂತಾಗುವುದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. ಟ್ಯೂಬಿನ ಹಿಂದೆ ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಬಂಗಿಗೆ ಡಾಕ್ಟರೇ ಇಂಥದ್ದನ್ನು ಕೆಲವು ವಾರಕ್ಕೆ ಬರೆಯುವುದುಂಟು. ಆ ಹಳೆ ಚೀಟಿ ಹಿಡಿದು ವರ್ಷವಿಡೀ ಹಚ್ಚುವುದು, ತಂಗಿಗೂ ಕೊಡುವುದು ನಮ್ಮ ತಪ್ಪು. 2018ರಲ್ಲಿ ಕೇಂದ್ರ ಸರಕಾರ ಹಚ್ಚುವ 14 ಸ್ಟಿರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಹಾಗಿದ್ದೂ ಅಂಗಡಿಯಲ್ಲಿ ಸಿಗುತ್ತದೆ ಎಂದರೆ ನಾವು ಕೇಳುತ್ತಿದ್ದೇವೆ ಎಂದೇ ಅರ್ಥ.

ಇನ್ನು ಗಲ್ಫ್‌ನಿಂದ ಬರುವ ಪೆಟ್ಟಿಗೆ. ಖರ್ಜೂರ, ಅತ್ತರ್ ಜೊತೆಗೆ ಹೆಸರು ಗೊತ್ತಿಲ್ಲದ ಒಂದು ಬಿಳುಪಿನ ಕ್ರೀಮ್. ನಿಕಾಹ್ ನಿಶ್ಚಯವಾದ ಹುಡುಗಿಗೆ ಅದು ವಿಶೇಷ ಉಡುಗೊರೆ. ನೆರೆಯ ಕೇರಳದಲ್ಲಿ ಏನಾಯಿತು ಎಂದು ಇಂಥ ಉಡುಗೊರೆ ಕೊಡುವವರು ತಿಳಿಯಬೇಕು. ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ಕಿಡ್ನಿ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 15 ಜನರದು ಅಪರೂಪದ ವಿಧ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಹಚ್ಚುತ್ತಿದ್ದವರು. ಕಾರಣ ಪಾದರಸ. ಅದು ಚರ್ಮದ ಬಣ್ಣ ತಯಾರಾಗುವುದನ್ನು ತಡೆಯುತ್ತದೆ, ಆಮೇಲೆ ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗುತ್ತದೆ. ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು, ಅಲ್‌ಹಮ್ದುಲಿಲ್ಲಾಹ್. ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಇಂಥ ಕ್ರೀಮುಗಳನ್ನು ಅಂಗಡಿ ಅಂಗಡಿಯಲ್ಲಿ ಹುಡುಕಿತು.

ಪಾದರಸ ಇದೆಯೆಂದು ಡಬ್ಬಿಯ ಮೇಲೆ ಯಾರೂ ದೊಡ್ಡದಾಗಿ ಬರೆಯುವುದಿಲ್ಲ. ತಯಾರಕರ ವಿಳಾಸ, ಆಮದು ನೋಂದಣಿ ಸಂಖ್ಯೆ, ಒಳಗಿನ ಪದಾರ್ಥಗಳ ಪಟ್ಟಿ ಇಲ್ಲದಿದ್ದರೆ ಮುಟ್ಟಬೇಡಿ. ಮರ್ಕ್ಯುರಿ, ಕ್ಯಾಲೊಮೆಲ್ ಎಂಬ ಪದ ಕಂಡರೆ ಎಸೆಯಿರಿ. "ಚಿನ್ನ, ಬೆಳ್ಳಿಗೆ ತಾಗಿಸಬೇಡಿ" ಎಂಬ ಸೂಚನೆ ಇದ್ದರಂತೂ ಗಟ್ಟಿ ಅನುಮಾನ ಪಡಿ: ಪಾದರಸ ಚಿನ್ನವನ್ನು ಕೆಡಿಸುತ್ತದೆ. ಬಳೆಗೆ ಆಗದ್ದು ಕೆನ್ನೆಗೆ ಆಗುತ್ತದೆಯೇ? ಹಚ್ಚಿದ ತಾಯಿಯ ಕೈ, ದಿಂಬು, ಟವೆಲ್ ಮೂಲಕ ಮಗುವಿಗೂ ಅದು ತಲುಪುತ್ತದೆ. ಈಗಾಗಲೇ ಹಚ್ಚಿದವರ ಮುಖ, ಕಾಲು ಊದಿಕೊಂಡರೆ, ಮೂತ್ರದಲ್ಲಿ ನೊರೆ ಬಂದರೆ ಕೂಡಲೇ ಮೂತ್ರ ಪರೀಕ್ಷೆ ಮಾಡಿಸಬೇಕು.

ಮದುವೆ ಎಂದಾಗ ಮದರಂಗಿಯೂ ನೆನಪಾಯಿತು. ಎಲೆಯ ಮದರಂಗಿ ಕಿತ್ತಳೆ ಅಥವಾ ಕೆಂಪು ಬಣ್ಣ ಕೊಡುತ್ತದೆ. ಅರ್ಧ ಗಂಟೆಯಲ್ಲಿ ಕಡು ಕಪ್ಪು ಮಾಡುವ ಕೋನಿನಲ್ಲಿ ಕೂದಲಿಗೆ ಹಚ್ಚುವ ಬಣ್ಣದ ಪಿಪಿಡಿ ಎಂಬ ರಾಸಾಯನಿಕ ಇರಬಹುದು. ಕೈ ಬೊಬ್ಬೆ ಎದ್ದವರಿಗೆ ಮುಂದೆ ಹೇರ್ ಡೈ ಕೂಡ ಆಗುವುದಿಲ್ಲ. ಹಾಗೆಯೇ, ಬಿಳಿಯಾಗಲು ಎಂದು ಹಾಕುವ ಗ್ಲುಟಾಥಯೋನ್ ಇಂಜೆಕ್ಷನ್‌ಗೆ ಆ ಕೆಲಸಕ್ಕೆ ಅನುಮತಿಯೇ ಇಲ್ಲ. ಲೇಸರ್, ಪೀಲಿಂಗ್ ಮಾಡಿಸುವುದೇ ಆದರೆ ಚರ್ಮರೋಗದಲ್ಲಿ ಎಂ.ಡಿ. ಅಥವಾ ಡಿ.ವಿ.ಡಿ. ಓದಿದವರ ಹತ್ತಿರ, ಅದೂ ಮದುವೆಗೆ ತಿಂಗಳುಗಳ ಮೊದಲೇ. ಮದುವೆ ವಾರದಲ್ಲಿ ಹೊಸದೇನನ್ನೂ ಮುಖಕ್ಕೆ ಹಚ್ಚಬಾರದು.

ಬಣ್ಣಗಳ ವ್ಯತ್ಯಾಸ ತನ್ನ ನಿದರ್ಶನಗಳಲ್ಲೊಂದು ಎಂದು ಅಲ್ಲಾಹನು ಸೂರಾ ರೂಮ್‌ನಲ್ಲಿ ತಿಳಿಸಿದ್ದಾನೆ. ಇದನ್ನು ಹೆಣ್ಣು ನೋಡಲು ಹೋಗುವವರಿಗೂ ಯಾರಾದರೂ ಓದಿ ಹೇಳಬೇಕು.

ಹಾಗಾದರೆ ದಿನಾ ಏನು ಮಾಡುವುದು? ಹೆಚ್ಚೇನಿಲ್ಲ. ಇಲ್ಲಿನ ಗಾಳಿ ಒಣ, ಬೋರ್‌ವೆಲ್ ನೀರು ಗಡಸು, ಮಂಗಳೂರಿನಂತೆ ದಿನಕ್ಕೆರಡು ಸಲ ಮೈತುಂಬ ಸೋಪು ಬೇಡ. ಸ್ನಾನವಾಗಿ ಮೈ ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್ ಅಥವಾ ತೆಂಗಿನೆಣ್ಣೆ ಹಚ್ಚಿ. ಮೊಡವೆ ಮುಖಕ್ಕೆ ಮಾತ್ರ ಎಣ್ಣೆ ಬೇಡ. ಚರ್ಮ ಹೀರಿಕೊಂಡ ಎಣ್ಣೆ ವುಝೂವಿನ ನೀರನ್ನು ತಡೆಯುವುದಿಲ್ಲ. ಗಟ್ಟಿ ಪದರವಾಗಿ ನಿಲ್ಲುವ ವ್ಯಾಸಲೀನನ್ನು ಒಡೆದ ಹಿಮ್ಮಡಿಗೆ ಇಶಾ ನಮಾಝ್ ಮುಗಿದ ಮೇಲೆ ಹಚ್ಚಿ, ಸುಬಹಿಗೆ ತೊಳೆದರಾಯಿತು. ಬಿಸಿಲಿಗೆ ಹೋಗುವವರಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಎರಡು ಮೂರು ಗಂಟೆಗೊಮ್ಮೆ. ವುಝೂ ಮಾಡಿದಾಗ ಹೇಗೂ ಮತ್ತೆ ಹಚ್ಚಲೇಬೇಕು.

ಬಾಗಲಕೋಟೆ ನವನಗರದಲ್ಲಿ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಇಳಕಲ್, ಬಾದಾಮಿಯವರಿಗೆ ಅದು ಒಂದು ದಿನದ ಕೆಲಸ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬು, ಡಬ್ಬಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ, ಖಾಲಿಯಾದದ್ದನ್ನೂ. ಬಹಳ ದಿನ ಸ್ಟಿರಾಯ್ಡ್ ಹಚ್ಚಿದ ಮುಖವನ್ನು ಸರಿಪಡಿಸಲು ತಿಂಗಳುಗಳೇ ಬೇಕು. ಹೇಗೆ ಬಿಡಿಸಬೇಕೆಂದು ಡಾಕ್ಟರು ನಿರ್ಧರಿಸುವುದು ಆ ಡಬ್ಬಿಗಳನ್ನು ನೋಡಿಯೇ.